ಒಂದಕ್ಷರದ ದೂರ

ಮಡಿದವನ ಮನೆಯ ದುಃಖಕ್ಕೆ ಒಂದು ತಿಥಿಯುಂಟು, ಒಂದು ನೆಲೆಯುಂಟು. ಕಾಣೆಯಾದವನ ಮನೆಯವರಿಗೆ ಈ ಎರಡು ಆಸರೆಗಳೂ ಇಲ್ಲ. ನಮ್ಮ ಪೂರ್ವಿಕರು ಈ ಸಂಕಟವನ್ನು ಚೆನ್ನಾಗಿ ಬಲ್ಲವರಾಗಿದ್ದರು. ದೇಶಾಂತರ ಹೋಗಿ ಸುದ್ದಿಯೇ ಇಲ್ಲದಂತಾದವನಿಗಾಗಿ ಹನ್ನೆರಡು ವರ್ಷ ಕಾದು, ತರುವಾಯ ಮುತ್ತುಗದ ಎಲೆಗಳಿಂದ ಅವನ ಪ್ರತಿಕೃತಿಯೊಂದನ್ನು ರಚಿಸಿ, ಅದಕ್ಕೆ ಅಗ್ನಿಸಂಸ್ಕಾರ ಮಾಡಿ ಕರ್ಮವನ್ನು ಪೂರೈಸಬೇಕೆಂದು ಧರ್ಮಶಾಸ್ತ್ರಕಾರರು ವಿಧಿಸಿದ್ದು, ದೇಹ ದೊರೆಯದೆಡೆಯಲ್ಲಿಯೂ ಶೋಕಕ್ಕೊಂದು ದಡ ಕಾಣಲೆಂಬ ಕರುಣೆಯಿಂದಲೇ ಎಂದು ನಾನು ತಿಳಿದಿದ್ದೇನೆ. ಮೊದಲನೆಯ ಮಹಾಯುದ್ಧವು ಇಂಥ ದಡವಿಲ್ಲದ ಶೋಕವನ್ನು ಲಕ್ಷಗಟ್ಟಲೆ ಮನೆಗಳಿಗೆ ಹಂಚಿತು. ಬ್ರಿಟಿಷ್ ಸಾಮ್ರಾಜ್ಯದ ಪಕ್ಷದಲ್ಲಿ ಹೋರಾಡಿ ಮಡಿದವರಲ್ಲಿ, ಇಂಥದೇ ಸಮಾಧಿಯೆಂದು ತೋರಿಸಲಾಗದವರ ಸಂಖ್ಯೆಯೇ ಐದು ಲಕ್ಷವನ್ನು ಮೀರುತ್ತದೆ. ಫ್ರಾನ್ಸಿನ ತಿಯೆಪ್ವಾಲ್ ಸ್ಮಾರಕದ ಗೋಡೆಗಳ ಮೇಲೆ 72,000ಕ್ಕೂ ಹೆಚ್ಚು, ಬೆಲ್ಜಿಯಮ್ಮಿನ ಈಪ್ರ ಪಟ್ಟಣದ ಮೆನಿನ್ ಗೇಟಿನ ಮೇಲೆ 54,000ಕ್ಕೂ ಹೆಚ್ಚು ಹೆಸರುಗಳು ಕೆತ್ತಲ್ಪಟ್ಟಿವೆ. ಅವುಗಳಲ್ಲಿ ಒಂದೊಂದೂ ಒಂದು ಮನೆಯ ಉತ್ತರವಿಲ್ಲದ ಪ್ರಶ್ನೆ.

ಈ ಅಂಕಿಗಳನ್ನು ಕೇಳಿದವರು, ಅಷ್ಟು ಮಂದಿಯ ದೇಹಗಳೂ ಫಿರಂಗಿಯ ಹೊಡೆತಕ್ಕೆ ಸಿಕ್ಕಿ ಮಣ್ಣಿನಲ್ಲಿ ಮಣ್ಣಾಗಿ ಹೋದುವೆಂದು ಭಾವಿಸುವುದುಂಟು. ಅನೇಕರ ಮಟ್ಟಿಗೆ ಅದು ನಿಜವೇ. ಆದರೆ ಲಕ್ಷಕ್ಕೂ ಮಿಕ್ಕ ಮಂದಿಯ ದೇಹಗಳು ದೊರೆತಿವೆ. ಬಿಳಿಯ ಶಿಲೆಗಳ ಸಾಲಿನಲ್ಲಿ ಅವುಗಳಿಗೆ ಸ್ಥಾನವೂ ಲಭಿಸಿದೆ. ದೊರೆಯದೆ ಹೋದದ್ದು ಅವರ ಹೆಸರು. ಒಂದು ಕಡೆ ಗೋಡೆಯ ಮೇಲೆ ದೇಹವಿಲ್ಲದ ಹೆಸರು, ಇನ್ನೊಂದು ಕಡೆ ನೆಲದ ಕೆಳಗೆ ಹೆಸರಿಲ್ಲದ ದೇಹ. ಇವೆರಡೂ ಒಬ್ಬನದೇ ಆಗಿರಬಹುದು, ಕೆಲವೊಮ್ಮೆ ಅವುಗಳ ನಡುವಣ ಅಂತರ ಎರಡು ಹರಿದಾರಿಯನ್ನೂ ಮೀರದಿರಬಹುದು. ಈ ವಿಯೋಗಕ್ಕೆ ಕಾರಣಗಳು ಬಹು ಸಾಮಾನ್ಯವಾದುವು. 1916ರ ಉತ್ತರಾರ್ಧದವರೆಗೆ ಬ್ರಿಟಿಷ್ ಸೈನಿಕನ ಕೊರಳಲ್ಲಿ ಇರುತ್ತಿದ್ದುದು ಒಂದೇ ಗುರುತಿನ ಬಿಲ್ಲೆ. ಅವನು ಮಡಿದನೆಂದು ವರದಿ ಮಾಡುವುದಕ್ಕಾಗಿ ಸಂಗಾತಿಯು ಅದನ್ನು ಬಿಚ್ಚಿಕೊಂಡರೆ, ವರದಿಯೇನೋ ಮೇಲಕ್ಕೆ ತಲುಪುತ್ತಿತ್ತು, ದೇಹವು ಮಾತ್ರ ಅಂದಿನಿಂದ ಅನಾಮಧೇಯವಾಗುತ್ತಿತ್ತು. ಹಸುರು, ಕೆಂಪು ಎಂಬ ಎರಡು ಬಿಲ್ಲೆಗಳನ್ನು ಕೊಟ್ಟು, ಒಂದನ್ನು ದೇಹದ ಮೇಲೆಯೇ ಬಿಡಬೇಕೆಂಬ ಪದ್ಧತಿ ಬರುವ ಹೊತ್ತಿಗೆ ಯುದ್ಧವು ಎರಡು ವರ್ಷಗಳನ್ನು ನುಂಗಿತ್ತು. ಆದಕಾರಣ 1914 ಮತ್ತು 1915ರಲ್ಲಿ ಬಿದ್ದವರನ್ನು ಹುಡುಕುವವನಿಗೆ ಲೋಹದ ಸಾಕ್ಷ್ಯ ದುರ್ಲಭ. ಅವನು ಕಾಗದವನ್ನೇ ನಂಬಬೇಕು. ಅದರಲ್ಲಿಯೂ ಯುದ್ಧ ದಿನಚರಿ, ಕಂದಕ ನಕಾಶೆ ಎಂಬ ಎರಡು ಕಾಗದಗಳನ್ನು.

ಯುದ್ಧ ದಿನಚರಿಯೆಂದರೆ ಸೈನಿಕನೊಬ್ಬನು ಮನಸ್ಸು ಬಿಚ್ಚಿ ಬರೆದ ಆತ್ಮವೃತ್ತವೆಂದು ವಾಚಕರು ಊಹಿಸಬಾರದು. ಅದು ಶುದ್ಧಾಂಗವಾಗಿ ಸರ್ಕಾರಿ ಲಿಖಿತ. ರಣಭೂಮಿಗೆ ಹೊರಟ ಪ್ರತಿಯೊಂದು ಬೆಟಾಲಿಯನ್ನೂ, ಬ್ರಿಗೇಡೂ, ಡಿವಿಷನ್ನೂ, ಗಾಯಾಳುಗಳನ್ನು ಹೊತ್ತು ಸಾಗಿಸುವ ಫೀಲ್ಡ್ ಆಂಬ್ಯುಲೆನ್ಸುಗಳೂ ಕೂಡ, ಸ್ಥಳ, ದಿನಾಂಕ, ವೇಳೆ, ಘಟನೆಯ ಸಾರಾಂಶ ಎಂಬ ಅಂಕಣಗಳುಳ್ಳ ಸಿ. 2118ನೆಯ ಸಂಖ್ಯೆಯ ನಮೂನೆಯಲ್ಲಿ ದಿನದಿನದ ವೃತ್ತಾಂತವನ್ನು ಬರೆದಿಡಬೇಕೆಂದು ನಿಯಮವಿತ್ತು. ಸಾಮಾನ್ಯವಾಗಿ ಬೆಟಾಲಿಯನ್ನಿನ ಅಡ್ಜುಟೆಂಟನೆಂಬ ಅಧಿಕಾರಿಯು ಈ ಕೆಲಸವನ್ನು ನಿರ್ವಹಿಸುತ್ತಿದ್ದನು. ಅವನು ಬಿದ್ದರೆ ಬೇರೊಂದು ಕೈಬರಹ ಮುಂದುವರಿಯುತ್ತಿತ್ತು. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಡಬ್ಲ್ಯೂ.ಓ. 95’ ಎಂಬ ಶೀರ್ಷಿಕೆಯಡಿಯಲ್ಲಿ ಈ ದಿನಚರಿಗಳನ್ನು ಕಾಪಾಡಿದ್ದಾರೆ. ಸೀಸದಕಡ್ಡಿಯಲ್ಲಿ ಬರೆದ ಈ ಪುಟಗಳಲ್ಲಿ ಮಳೆ, ಕೆಸರು, ಬಂದುಹೋದ ಪಡೆಗಳು, ಸಿಡಿದ ಗುಂಡುಗಳು ಎಲ್ಲವೂ ಒಂದೇ ಧ್ವನಿಯಲ್ಲಿ ನಮೂದಾಗಿರುತ್ತವೆ. ವಿಶ್ರಾಂತಿಯ ದಿನಗಳಲ್ಲಿ ಕವಾಯತು ಹಾಗೂ ಸ್ನಾನದ ವಿವರಗಳಿಗೆ ಧಾರಾಳವಾಗಿ ಸ್ಥಳ ದೊರೆತು, ಅತ್ಯಂತ ಘೋರವಾದ ದಿನದ ನಮೂದು ನಾಲ್ಕು ಸಾಲಿಗೆ ನಿಂತುಹೋಗಿರುವುದನ್ನು ಕಂಡಾಗ, ಬರೆಯತಕ್ಕವರೇ ಉಳಿಯದಿದ್ದ ಆ ಸಂಜೆಯ ಸ್ಥಿತಿಯು ಆ ಸಂಕ್ಷೇಪದಿಂದಲೇ ಅರಿವಾಗುತ್ತದೆ. ಅಧಿಕಾರಿಗಳು ಸತ್ತರೆ ಹೆಸರು ಬರೆಯುತ್ತಿದ್ದರು; ಸಾಮಾನ್ಯ ಸೈನಿಕರು ಸತ್ತರೆ ಸಂಖ್ಯೆ ಬರೆಯುತ್ತಿದ್ದರು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸಕ್ತಿ ಬರುವುದಿದೆ.

ದಿನಚರಿಯು ‘ಏನಾಯಿತು’ ಎಂಬುದನ್ನು ಹೇಳಿದರೆ ‘ಎಲ್ಲಾಯಿತು’ ಎಂಬುದನ್ನು ಅದು ಅಕ್ಷರಾಂಕಗಳಲ್ಲಿ ಸೂಚಿಸುತ್ತದೆ. ಆ ಅಕ್ಷರಾಂಕಗಳ ಅರ್ಥ ಕಂದಕ ನಕಾಶೆಯಲ್ಲಿದೆ. ಯುದ್ಧಾರಂಭದಲ್ಲಿ ಬ್ರಿಟಿಷರ ಬಳಿ ಫ್ರಾನ್ಸಿನ ಸೂಕ್ಷ್ಮ ನಕಾಶೆಗಳು ಸಾಕಷ್ಟಿರಲಿಲ್ಲ. ಅವರು ಬೆಲ್ಜಿಯಮ್ಮಿನ 1:40,000 ಪ್ರಮಾಣದ ಹಾಳೆಗಳ ವಿಭಾಗಕ್ರಮವನ್ನೇ ಉತ್ತರ ಫ್ರಾನ್ಸಿಗೂ ವಿಸ್ತರಿಸಿ, ಅದರ ಮೇಲೆ ತಮ್ಮದೇ ಆದ ಚೌಕಗಳ ಜಾಲವನ್ನು ಹಾಸಿದರು. ಯುದ್ಧ ಮುಗಿಯುವ ವೇಳೆಗೆ ಮುದ್ರಿತವಾದ ಬ್ರಿಟಿಷ್ ನಕಾಶೆಗಳ ಪ್ರತಿಗಳು ಮೂರು ಕೋಟಿಯನ್ನು ಮೀರಿದ್ದುವು. ಈ ಜಾಲದ ರಚನೆಯನ್ನು ಸ್ವಲ್ಪ ತಾಳ್ಮೆಯಿಂದ ಗಮನಿಸುವುದು ಅವಶ್ಯ, ಏಕೆಂದರೆ ನಾನು ಹೇಳಹೊರಟಿರುವ ಕಥೆಯ ಮರ್ಮ ಅಲ್ಲಿಯೇ ಅಡಗಿದೆ. ಒಂದೊಂದು ಹಾಳೆಯಲ್ಲಿ, ಸಾಲಿಗೆ ಆರರಂತೆ ನಾಲ್ಕು ಸಾಲು, ಒಟ್ಟು ಇಪ್ಪತ್ತನಾಲ್ಕು ದೊಡ್ಡ ಚೌಕಗಳು. ಅವುಗಳಿಗೆ ಇಂಗ್ಲಿಷ್ ವರ್ಣಮಾಲೆಯ ಎ ಇಂದ ಎಕ್ಸ್ ವರೆಗಿನ ದೊಡ್ಡಕ್ಷರಗಳೇ ಹೆಸರು. ಒಂದೊಂದು ದೊಡ್ಡ ಚೌಕದ ಅಗಲ 6,000 ಗಜ. ಅದರೊಳಗೆ ಸಾವಿರ ಗಜ ಅಗಲ, ಸಾವಿರ ಗಜ ಉದ್ದದ ಮೂವತ್ತು ಅಥವಾ ಮೂವತ್ತಾರು ಚೌಕಗಳು, ಅವುಗಳಿಗೆ ಅಂಕಿಗಳು. ಅಂಥ ಚೌಕವೊಂದನ್ನು ನಾಲ್ಕಾಗಿ ಒಡೆದರೆ ಎ, ಬಿ, ಸಿ, ಡಿ ಎಂಬ ಚಿಕ್ಕಕ್ಷರಗಳ ಪಾದಚೌಕಗಳು ದೊರೆಯುತ್ತವೆ. ಅವುಗಳಲ್ಲಿ ಮೊದಲು ಪೂರ್ವಕ್ಕೆ, ಆಮೇಲೆ ಉತ್ತರಕ್ಕೆ ಹತ್ತನೆಯ ಒಂದರ ಲೆಕ್ಕದಲ್ಲಿ ಅಳೆದು ಎರಡು ಅಂಕಿಗಳನ್ನು ಬರೆದರೆ ಐವತ್ತು ಗಜದೊಳಗಿನ ಯಾವ ಬಿಂದುವನ್ನಾದರೂ ತೋರಿಸಬಹುದು. ‘ಎಚ್. 25. ಸಿ. 6. 8’ ಎಂದು ಬರೆದರೆ ಸಾಕು, ಕತ್ತಲೆಯಲ್ಲಿ ಫಿರಂಗಿ ಹಾರಿಸುವವನಿಗೆ ಗುರಿ ತಿಳಿಯುತ್ತಿತ್ತು, ನೀರು ಹೊತ್ತು ತರುವವನಿಗೆ ದಾರಿ ತಿಳಿಯುತ್ತಿತ್ತು, ಹೆಣ ಹುಗಿದವನಿಗೆ ಆ ಜಾಗವನ್ನು ಮೇಲಧಿಕಾರಿಗೆ ತಿಳಿಸುವ ಸೌಲಭ್ಯವಿತ್ತು. ಬಹು ಸುಂದರವಾದ ವ್ಯವಸ್ಥೆ. ಆದರೆ ಅದರಲ್ಲಿ ಒಂದು ದೊಡ್ಡಕ್ಷರ ತಪ್ಪಿದರೆ ಉಳಿದೆಲ್ಲ ಅಂಕಿಗಳೂ ಸರಿಯಾಗಿಯೇ ಇದ್ದು, ಮನುಷ್ಯನೊಬ್ಬನು 6,000 ಗಜ, ಅಂದರೆ ಸುಮಾರು ಐದೂವರೆ ಕಿಲೋಮೀಟರು ಆಚೆಗೆ ಎಸೆಯಲ್ಪಡುತ್ತಾನೆ.

ಹಾಗೆ ಎಸೆಯಲ್ಪಟ್ಟವನೊಬ್ಬನ ಕಥೆ ಇದು. ಅವನ ಹೆಸರು ಜಾನ್ ಕಿಪ್ಲಿಂಗ್, ಮನೆಯಲ್ಲಿ ಜ್ಯಾಕ್. ಮುಂಬಯಿಯಲ್ಲಿ ಹುಟ್ಟಿ, 1907ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಡ್ಯರ್ಡ್ ಕಿಪ್ಲಿಂಗರ ಒಬ್ಬನೇ ಮಗ. ಕಣ್ಣಿನ ದೋಷ ಅವನಿಗೆ ತೀವ್ರವಾಗಿದ್ದುದರಿಂದ ಸೈನ್ಯವು ಅವನನ್ನು ತಿರಸ್ಕರಿಸಿತು. ತಂದೆಯು ತಮ್ಮ ವೃದ್ಧ ಮಿತ್ರರಾದ ಫೀಲ್ಡ್ ಮಾರ್ಷಲ್ ಲಾರ್ಡ್ ರಾಬರ್ಟ್ಸರ ಸಹಾಯವನ್ನು ಬೇಡಿದರು. ಐರಿಷ್ ಗಾರ್ಡ್ಸ್ ಪಡೆಯ ಗೌರವ ಕರ್ನಲರಾಗಿದ್ದ ಅವರ ಮಾತಿನಿಂದ ಹುಡುಗನಿಗೆ ಆ ಪಡೆಯಲ್ಲಿ ಅಧಿಕಾರಿಯ ಸ್ಥಾನ ದೊರೆಯಿತು. 1915ರ ಆಗಸ್ಟ್ 17ರಂದು ಅವನಿಗೆ ಹದಿನೆಂಟು ತುಂಬಿತು. ಫ್ರಾನ್ಸಿಗೆ ಹೋದುದೂ ಆಗಲೇ. ಅವನು ಬದುಕಿದ್ದುದು ಆಮೇಲೆ ಆರು ವಾರ. ಸೆಪ್ಟೆಂಬರ್ 25ರಂದು ಲೂಸ್ ಎಂಬ ಗಣಿ ಪ್ರದೇಶದಲ್ಲಿ ಬ್ರಿಟಿಷರು ಮೊತ್ತಮೊದಲ ಬಾರಿಗೆ ವಿಷಾನಿಲವನ್ನು ಪ್ರಯೋಗಿಸಿ ದೊಡ್ಡ ಆಕ್ರಮಣವನ್ನಾರಂಭಿಸಿದ್ದರು. ಎರಡು ದಿನಗಳ ತರುವಾಯ, 27ರ ಸಾಯಂಕಾಲ, ಐರಿಷ್ ಗಾರ್ಡ್ಸಿನ ಎರಡನೆಯ ಬೆಟಾಲಿಯನ್ನು ಸುಣ್ಣಕಲ್ಲಿನ ಹಳ್ಳವೊಂದರ ಪಕ್ಕದ ‘ಚಾಕ್ ಪಿಟ್ ವುಡ್’ ಎಂಬ ಸಣ್ಣ ತೋಪನ್ನು ಹಿಡಿದು, ಅದರಾಚೆಯ ಗಣಿಬಾವಿಯ ಕಟ್ಟಡಗಳ ಕಡೆಗೆ ನುಗ್ಗಿತು. ಎದುರಿನಿಂದಲೂ ಪಕ್ಕದಿಂದಲೂ ಮೆಷಿನ್‌ಗನ್ನಿನ ಗುಂಡು ಸುರಿಯಿತು. ಪಡೆಯು ಹಿಮ್ಮೆಟ್ಟಿತು, ಜ್ಯಾಕ್ ಹಿಂತಿರುಗಲಿಲ್ಲ. ಗಾಯಗೊಂಡು ಕಾಣೆಯಾಗಿದ್ದಾನೆಂದು ಮನೆಗೆ ತಂತಿ ಬಂದಿತು.

ಮಗನನ್ನು ಕಳುಹಿಸಲು ತಂದೆಯು ಎಷ್ಟು ಪ್ರಯತ್ನಪಟ್ಟರೋ ಅದರ ನೂರ್ಮಡಿಯನ್ನು ಹುಡುಕುವುದಕ್ಕಾಗಿ ಪಟ್ಟರು. ಆಸ್ಪತ್ರೆಗಳಲ್ಲಿ ಮಲಗಿದ್ದ ಐರಿಷ್ ಗಾರ್ಡ್ಸಿನ ಗಾಯಾಳುಗಳನ್ನು ದಂಪತಿಗಳು ಒಬ್ಬೊಬ್ಬರನ್ನಾಗಿ ಕಂಡು ಪ್ರಶ್ನಿಸಿದರು. ಅವರ ಮಿತ್ರರಾದ ಕಾದಂಬರಿಕಾರ ರೈಡರ್ ಹ್ಯಾಗರ್ಡ್ ಈ ಶೋಧದಲ್ಲಿ ನೆರವಾದರು. 1915ರ ಡಿಸೆಂಬರಿನಲ್ಲಿ ಸೈನಿಕನೊಬ್ಬನು, ಬಾಯಿಗೆ ಏಟು ಬಿದ್ದು ನೋವಿನಿಂದ ಅಳುತ್ತ, ಗಾಯಕ್ಕೆ ಪಟ್ಟಿ ಕಟ್ಟಿಕೊಳ್ಳಲು ಯತ್ನಿಸುತ್ತಿದ್ದ ಅಧಿಕಾರಿಯೊಬ್ಬನನ್ನು ಕಂಡೆನೆಂದೂ, ಅವನು ಕಿಪ್ಲಿಂಗರ ಮಗನೆಂದೇ ತಾನು ನಂಬಿರುವೆನೆಂದೂ ತಿಳಿಸಿದಾಗ, ಹ್ಯಾಗರ್ಡರು ಅದನ್ನು ತಮ್ಮ ಸ್ವಂತ ದಿನಚರಿಯಲ್ಲಿ ಬರೆದಿಟ್ಟುಕೊಂಡು, ತಂದೆಗೆ ಮಾತ್ರ ಹೇಳದೆ ಉಳಿದರು. ಮಿತ್ರಧರ್ಮದ ಎರಡು ಮುಖಗಳು ಒಂದನ್ನೊಂದು ಎದುರಿಸಿ ನಿಂತ ಆ ಕ್ಷಣದಲ್ಲಿ ಅವರು ಆರಿಸಿಕೊಂಡ ಮೌನವನ್ನು ನಾನು ತಪ್ಪೆನ್ನಲಾರೆ. ಕಿಪ್ಲಿಂಗರು 1917ರಲ್ಲಿ, ಫೇಬಿಯನ್ ವೇರ್ ಎಂಬವರ ಪ್ರಯತ್ನದಿಂದ ಸ್ಥಾಪಿತವಾದ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗದ ಸದಸ್ಯರಾದರು. ಹೆಸರು ತಿಳಿಯದ ಸೈನಿಕರ ಶಿಲೆಯ ಮೇಲೆ, ಇವನು ಭಗವಂತನಿಗೆ ಮಾತ್ರ ಗೊತ್ತಿರುವವನು ಎಂಬ ಅರ್ಥದ ಮಾತನ್ನು ಕೆತ್ತಬೇಕೆಂದು ನಿರ್ಧರಿಸಿದವರು ಅವರೇ. ಐರಿಷ್ ಗಾರ್ಡ್ಸಿನ ಯುದ್ಧಚರಿತ್ರೆಯನ್ನು ಬರೆಯುವ ಭಾರವನ್ನೂ ಹೊತ್ತು, ಬೆಟಾಲಿಯನ್ನುಗಳ ದಿನಚರಿಗಳನ್ನೂ ಅಧಿಕಾರಿಗಳ ಪತ್ರಗಳನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿ, 1923ರಲ್ಲಿ ಎರಡು ಸಂಪುಟಗಳನ್ನು ಹೊರತಂದರು. ಅದರಲ್ಲಿ ಸ್ವಂತ ಮಗನಿಗೆ ಇತರ ಅಧಿಕಾರಿಗಳಿಗಿಂತ ಒಂದು ಸಾಲನ್ನೂ ಅವರು ಹೆಚ್ಚಾಗಿ ಕೊಟ್ಟಿಲ್ಲ. ಕಿಪ್ಲಿಂಗರ ಸಾಮ್ರಾಜ್ಯಾಭಿಮಾನವು ಭಾರತೀಯರಾದ ನಮಗೆ ಒಪ್ಪತಕ್ಕದ್ದಲ್ಲ; ಭಾರತೀಯರ ವಿಷಯದಲ್ಲಿ ಅವರು ಆಡಿದ ಅನೇಕ ಮಾತುಗಳನ್ನು ಮರೆಯುವುದು ಕಷ್ಟ. ಆದರೆ ಮಗನು ಕಾಣೆಯಾದ ದಿನವನ್ನೇ ಕುರಿತ ನಮೂದನ್ನು ಎದುರಿಗಿಟ್ಟುಕೊಂಡು ಕುಳಿತ ಆ ತಂದೆಯ ಸಂಯಮವನ್ನು ಗೌರವಿಸದಿರುವುದು ಇನ್ನೂ ಕಷ್ಟ. 1936ರಲ್ಲಿ, ಮಗನ ದೇಹವೆಲ್ಲಿದೆಯೆಂಬುದನ್ನರಿಯದೆ, ಅವರು ತೀರಿಕೊಂಡರು. ಲೂಸ್ ಸ್ಮಾರಕದಲ್ಲಿ ಕೆತ್ತಿದ 20,000ಕ್ಕೂ ಮಿಕ್ಕ ಹೆಸರುಗಳಲ್ಲಿ ಜ್ಯಾಕನದೂ ಒಂದಾಗಿತ್ತು.

ವಿಚಿತ್ರವೆಂದರೆ, ತಂದೆಯು ಚರಿತ್ರೆಯನ್ನು ಬರೆಯುತ್ತಿದ್ದ ಕಾಲದಲ್ಲಿಯೇ ದೇಹವು ದೊರೆತಿತ್ತು. ಕದನ ವಿರಾಮದ ತರುವಾಯ ರಣಭೂಮಿಯನ್ನು ಐನೂರು ಗಜದ ತುಂಡುಗಳಾಗಿ ಹಂಚಿಕೊಂಡು, ಚದುರಿದ ಗೋರಿಗಳನ್ನು ಅಗೆದು ದೊಡ್ಡ ಸ್ಮಶಾನಗಳಿಗೆ ಸಾಗಿಸುವ ಕೆಲಸ ನಡೆಯಿತು. ಅದಕ್ಕಾಗಿ ನೇಮಿತರಾದ ಸೈನಿಕರಿಗೆ ರಬ್ಬರ್ ಕೈಗವಸು, ಸನಿಕೆ, ಗೂಟ, ಕ್ಯಾನ್ವಾಸು, ಹಗ್ಗ, ಸೋಂಕುನಾಶಕ ಇವಿಷ್ಟೇ ಸಾಧನಗಳು. ಹುಲ್ಲು ಒಂದೆಡೆ ನೀಲಿಮಿಶ್ರಿತ ಹಸುರಾಗಿ ಅಗಲ ಎಸಳುಗಳಿಂದ ಸೊಕ್ಕಿ ಬೆಳೆದಿದ್ದರೆ, ಹೊಂಡದ ನೀರು ಕಪ್ಪುಹಸುರಾಗಿದ್ದರೆ, ಇಲಿಯ ಬಿಲದ ಬಾಯಲ್ಲಿ ಎಲುಬಿನ ಚೂರು ಕಂಡರೆ, ಅಲ್ಲಿ ಅಗೆಯಬೇಕೆಂದು ಅವರು ಅನುಭವದಿಂದ ಕಲಿತಿದ್ದರು. ಒಂದೊಂದು ದೇಹಕ್ಕೂ ದೊರೆತ ಸ್ಥಳದ ನಕಾಶೆಯ ಸಂಕೇತ, ಗುರುತಿನ ಕುರುಹು, ಹೊಸ ಗೋರಿಯ ಸಂಖ್ಯೆ ಇವನ್ನು ನಮೂನೆಯಲ್ಲಿ ತುಂಬುತ್ತಿದ್ದರು. ದಿನಕ್ಕೆ ಹತ್ತಾರು ದೇಹಗಳನ್ನು ಕೈಯಾರೆ ಎತ್ತಿ, ಸಂಜೆ ದೀಪದ ಬೆಳಕಿನಲ್ಲಿ ಈ ಅಂಕಿಗಳನ್ನು ಬರೆದ ಆ ಮನುಷ್ಯರ ವಿಷಯದಲ್ಲಿ ಕಠಿಣವಾಗಿ ಮಾತನಾಡುವ ಹಕ್ಕು ಯಾರಿಗೂ ಇಲ್ಲ. 1919ರಲ್ಲಿ ಲೂಸಿನ ಬಳಿ ಅವರಿಗೆ ಐರಿಷ್ ಗಾರ್ಡ್ಸಿನ ಲೆಫ್ಟಿನೆಂಟನೊಬ್ಬನ ಅವಶೇಷ ದೊರೆಯಿತು. ಹೆಸರು ತಿಳಿಯಲಿಲ್ಲ. ಸೇಂಟ್ ಮೇರೀಸ್ ಎ.ಡಿ.ಎಸ್. ಸ್ಮಶಾನದಲ್ಲಿ ಅವನನ್ನು ಹೂಳಿ, ನಮೂನೆಯಲ್ಲಿ ‘ಜಿ. 25. ಸಿ. 6. 8’ ಎಂದು ಬರೆದರು.

ಆ ಸಂಕೇತವನ್ನು ನಕಾಶೆಯ ಮೇಲಿಟ್ಟು ನೋಡಿದವರು ಯಾರಾದರೂ ಜ್ಯಾಕನ ವಿಚಾರವನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದರು. ಜಿ. 25 ಎಂಬ ಚೌಕ ಬ್ರಿಟಿಷ್ ಸಾಲಿನ ಹಿಂಬದಿಯ ನೆಲ. ಐರಿಷ್ ಗಾರ್ಡ್ಸು ಅಲ್ಲಿ ಎಂದೂ ಕಾದಿದ್ದಿಲ್ಲ. ಸಮಾಧಿ ಆಯೋಗದ ದಾಖಲೆಗಳ ಅಧಿಕಾರಿಯಾಗಿದ್ದ ಕೆನಡಾದ ನಾರ್ಮ್ ಕ್ರಿಸ್ಟಿ 1992ರಲ್ಲಿ ಈ ನಮೂದನ್ನು ಪುನಃ ಪರಿಶೀಲಿಸಿದಾಗ, ‘ಇವನು ಯಾರು’ ಎಂಬ ಪ್ರಶ್ನೆಯನ್ನು ಬದಿಗಿರಿಸಿ, ‘ಈ ಪಡೆಯ ಅಧಿಕಾರಿ ಇಲ್ಲಿಗೆ ಹೇಗೆ ಬಂದನು’ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಶೋಧದ ತಿರುವು ಇದ್ದುದು ಇಲ್ಲಿ. ದಿನಚರಿಯಿಂದ ಪಡೆಯ ಚಲನೆ ತಿಳಿದಿದೆ. ಚಾಕ್ ಪಿಟ್ ತೋಪು ನಕಾಶೆಯಲ್ಲಿ ಎಚ್. 25ರ ಸುತ್ತಿನಲ್ಲಿದೆ, ಜಿ ಚೌಕದ ಬಲಮಗ್ಗುಲಿಗೆ ಇರುವುದೇ ಎಚ್ ಚೌಕ. ಜಿ ಎಂಬುದನ್ನು ಎಚ್ ಎಂದು ಓದಿದೊಡನೆ, ಉಳಿದ ನಾಲ್ಕು ಅಂಶಗಳೂ ಇದ್ದಂತೆಯೇ ಇದ್ದು, ಬಿಂದುವು ನೇರವಾಗಿ ಪೂರ್ವಕ್ಕೆ ಸರಿದು, ಜ್ಯಾಕನು ಬಿದ್ದ ನೆಲಕ್ಕೇ ಬಂದು ನಿಲ್ಲುತ್ತದೆ. ಆ ಕದನದಲ್ಲಿ ಕಾಣೆಯಾಗಿ ಲೆಕ್ಕಕ್ಕೆ ಸಿಗದ ಐರಿಷ್ ಗಾರ್ಡ್ಸ್ ಲೆಫ್ಟಿನೆಂಟ್ ಬೇರೊಬ್ಬನಿಲ್ಲವೆಂಬ ಆಧಾರದ ಮೇಲೆ ಆಯೋಗವು ಶಿಲೆಯನ್ನು ಬದಲಿಸಿ ಜಾನ್ ಕಿಪ್ಲಿಂಗ್ ಎಂಬ ಹೆಸರನ್ನು ಕೆತ್ತಿಸಿತು. ಹೂಳಿದ ಎಪ್ಪತ್ತಮೂರು ವರ್ಷಗಳ ಮೇಲೆ ಸಮಾಧಿಗೆ ಹೆಸರು ಬಂದಿತು.

ಇಲ್ಲಿಗೇ ಕಥೆ ಮುಗಿದಿದ್ದರೆ ಓದುವವರಿಗೆ ಸುಖವಾಗುತ್ತಿತ್ತು. ಆದರೆ ಪ್ರಮಾಣಶಾಸ್ತ್ರವು ಓದುಗರ ಸುಖವನ್ನು ಗಣಿಸುವುದಿಲ್ಲ. ಟೋನಿ ಹಾಗೂ ವಾಲ್ಮೈ ಹೋಲ್ಟ್ ದಂಪತಿಗಳು ಜ್ಯಾಕನ ಜೀವನವನ್ನು ಕುರಿತು ಬರೆಯುವಾಗ ಬಲವಾದ ಆಕ್ಷೇಪವೊಂದನ್ನು ಎತ್ತಿದರು. ಜ್ಯಾಕನು ಕಾಣೆಯಾದಾಗ ಸೆಕೆಂಡ್ ಲೆಫ್ಟಿನೆಂಟ್. ಲೆಫ್ಟಿನೆಂಟ್ ಪದವಿಗೆ ಅವನ ಬಡ್ತಿ ಗೆಜೆಟ್ಟಿನಲ್ಲಿ ಪ್ರಕಟವಾದದ್ದು ನವೆಂಬರಿನಲ್ಲಿ, ಪೂರ್ವಾನ್ವಯವಾಗಿ ಜೂನ್ ತಿಂಗಳಿಂದ. ಹಾಗಾದರೆ ಸೆಪ್ಟೆಂಬರಿನಲ್ಲಿ ಬಿದ್ದವನ ಹೆಗಲ ಮೇಲೆ ಎರಡನೆಯ ನಕ್ಷತ್ರ ಎಲ್ಲಿಂದ ಬಂತು? ಆ ದೇಹ ಲಂಡನ್ ಐರಿಷ್ ಎಂಬ ಬೇರೊಂದು ಪಡೆಯ ಅಧಿಕಾರಿಯದಾಗಿರಬಾರದೇಕೆ? ಸಂಕೇತವು ಸರಿಯಾಗಿಯೇ ಇದ್ದು ಪಡೆಯ ಹೆಸರೇ ತಪ್ಪಾಗಿರಬಾರದೇಕೆ? ಇವು ಸದುದ್ದೇಶದ ಪ್ರಶ್ನೆಗಳು. ಒಂದು ಅಕ್ಷರವನ್ನು ನಮ್ಮ ಇಚ್ಛೆಯಂತೆ ತಿದ್ದುವ ಅಧಿಕಾರವಿದ್ದರೆ ಯಾವ ಮೃತನನ್ನು ಯಾವ ಗೋರಿಗಾದರೂ ಒಯ್ಯಬಹುದಲ್ಲವೆ ಎಂಬ ಎಚ್ಚರಿಕೆ ಅವುಗಳ ಹಿಂದಿದೆ. ಗ್ರಹಾಂ ಪಾರ್ಕರ್, ಜೊಆನಾ ಲೆಗ್ ಎಂಬ ಇಬ್ಬರು ಸಂಶೋಧಕರು ಈ ಕಾಗದಗಳನ್ನೆಲ್ಲ ಮೊದಲಿನಿಂದ ಪರಿಶೀಲಿಸಿ, 2016ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು: ಆಯೋಗದ ಗುರುತಿಸುವಿಕೆ ಸರಿ, ತಪ್ಪಿರುವುದು ಅಕ್ಷರವೇ. ನನಗೂ ಹಾಗೆಯೇ ತೋರುತ್ತದೆ. ಆದರೆ ಹೋಲ್ಟ್ ದಂಪತಿಗಳು ಆಕ್ಷೇಪಿಸದಿದ್ದರೆ ಆ ನಿರ್ಣಯಕ್ಕೆ ಇಂದಿರುವ ಬಲವು ಬರುತ್ತಿರಲಿಲ್ಲ. ಸತ್ತವನು ಬಂದು ಸಾಕ್ಷಿ ನುಡಿಯಲಾರನು. ಆದುದರಿಂದ ಬದುಕಿರುವವರೇ ಪೂರ್ವಪಕ್ಷವನ್ನೂ ಸಿದ್ಧಾಂತವನ್ನೂ ಪ್ರಾಮಾಣಿಕವಾಗಿ ಮಂಡಿಸಬೇಕಾಗುತ್ತದೆ.

ಈ ಮಾರ್ಗವನ್ನು ಹಿಡಿದು ಇಂದು ಅನೇಕರು ಶೋಧಿಸುತ್ತಿದ್ದಾರೆ. ಅವರ ಕ್ರಮ ಸ್ಥೂಲವಾಗಿ ಹೀಗೆ: ಕಾಣೆಯಾದವನ ಬೆಟಾಲಿಯನ್ನನ್ನೂ ದಿನಾಂಕವನ್ನೂ ನಿಶ್ಚಯಿಸಿಕೊಂಡು, ಆ ದಿನದ ದಿನಚರಿಯನ್ನು ಓದಿ, ಅದು ಮೌನವಾಗಿರುವೆಡೆಯಲ್ಲಿ ಎಡಬಲದ ಬೆಟಾಲಿಯನ್ನುಗಳ ಹಾಗೂ ಬ್ರಿಗೇಡಿನ ದಿನಚರಿಗಳನ್ನು ಓದಿ, ಅದೇ ತಿಂಗಳಿಗೆ ತಿದ್ದಿದ ನಕಾಶೆಯನ್ನು ಆರಿಸಿ, ಅವನ ಕಂಪೆನಿಯು ನಡೆದ ಚೌಕಗಳನ್ನು ಗುರುತಿಸಿ, ಯುದ್ಧಾನಂತರ ಆ ಚೌಕಗಳಿಂದ ಎತ್ತಿದ ಅನಾಮಧೇಯ ದೇಹಗಳ ನಮೂನೆಗಳನ್ನು ಒಂದೊಂದಾಗಿ ಸೋಸುವುದು. ನಕಾಶೆಯ ತಿಂಗಳನ್ನು ಗಮನಿಸದೆ ಹೋದರೆ ದೊಡ್ಡ ಪ್ರಮಾದವಾಗುತ್ತದೆ. ಕಂದಕಗಳು ವಾರಕ್ಕೊಂದು ಬಗೆಯಾಗಿ ಬದಲಾಗುತ್ತಿದ್ದುವಷ್ಟೇ ಅಲ್ಲದೆ, 1918ರ ಆರಂಭದವರೆಗೆ ಶತ್ರುವಿನ ಕಂದಕಕ್ಕೆ ಕೆಂಪು, ತಮ್ಮದಕ್ಕೆ ನೀಲಿ ಎಂದಿದ್ದ ಬಣ್ಣಗಳನ್ನು ಅಲ್ಲಿಂದ ಮುಂದೆ ಅದಲುಬದಲು ಮಾಡಿದರು. ಇಂಥ ಶೋಧಕ್ಕೆ ಇನ್ನೊಂದು ನಿದರ್ಶನವುಂಟು. ಫ್ರಾಮೆಲ್ ಎಂಬಲ್ಲಿ 1916ರ ಜುಲೈ 19ರ ರಾತ್ರಿ ಆಸ್ಟ್ರೇಲಿಯದ ಐದನೆಯ ಡಿವಿಷನ್ನು, ಮಡಿದವರೂ ಗಾಯಗೊಂಡವರೂ ಸೆರೆಯಾದವರೂ ಸೇರಿ, 5,533 ಮಂದಿಯನ್ನು ಕಳೆದುಕೊಂಡಿತು. ಮಡಿದವರಲ್ಲಿ ಕೆಲವರು ಗೋಡೆಯ ಮೇಲೆ ಹೆಸರಿದ್ದೂ ಎಲ್ಲಿಯೂ ಗೋರಿಯ ಲೆಕ್ಕಕ್ಕೆ ಸಿಗದಿರುವುದನ್ನು ಮೆಲ್ಬರ್ನಿನ ಶಾಲಾಶಿಕ್ಷಕ ಲ್ಯಾಂಬಿಸ್ ಎಂಗ್ಲೆಜೊಸ್ ಗಮನಿಸಿದರು. ಮಡಿದವರಿಗಾಗಿ ಗುಂಡಿಗಳನ್ನು ತೋಡಬೇಕೆಂಬ ಬವೇರಿಯನ್ ಪಡೆಯ ಆಜ್ಞಾಪತ್ರವೂ, ‘ಫೆಸೆಂಟ್ ವುಡ್’ ಎಂಬ ತೋಪಿನ ಪಕ್ಕದಲ್ಲಿ ಎಂಟು ಗುಂಡಿಗಳನ್ನು ತೋರಿಸುವ ವಿಮಾನಚಿತ್ರವೂ ಸೇರಿ ಆ ಸಂಶಯವನ್ನು ಸ್ಥಿರಪಡಿಸಿದುವು. 2009ರಲ್ಲಿ ಅಗೆದಾಗ 250 ಸೈನಿಕರು ದೊರೆತರು. ವಂಶವಾಹಿ ಪರೀಕ್ಷೆಯಿಂದ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈಗ ಹೆಸರು ಮರಳಿದೆ.

ಇನ್ನು ನಮ್ಮವರ ವಿಷಯ. ಲೂಸಿನಲ್ಲಿ ಆಕ್ರಮಣವಾರಂಭವಾದ ಅದೇ ಸೆಪ್ಟೆಂಬರ್ 25ರ ಬೆಳಗ್ಗೆ, ಅದರ ಉತ್ತರಕ್ಕೆ, ಶತ್ರುವಿನ ಗಮನವನ್ನು ಸೆಳೆಯುವುದಕ್ಕಾಗಿಯೇ ಭಾರತದ ಮೀರತ್ ಡಿವಿಷನ್ನನ್ನು ಮುಂದಕ್ಕೆ ನೂಕಿದರು. ಗರ್ವಾಲಿಗಳೂ ಗೂರ್ಖಾಗಳೂ ಪಂಜಾಬಿಗಳೂ ಆ ಹೊಲಗಳಲ್ಲಿ ಬಿದ್ದರು. ಅವರ ಬೆಟಾಲಿಯನ್ನುಗಳ ದಿನಚರಿಗಳೂ ಕ್ಯೂ ಪತ್ರಾಗಾರದಲ್ಲಿಯೇ ಇವೆ. ಅವೇ ನಮೂನೆಗಳು, ಅವೇ ಸಂಕೇತಗಳು. ಆದರೆ ಹೆಸರು ಬಹುಮಟ್ಟಿಗೆ ಬ್ರಿಟಿಷ್ ಅಧಿಕಾರಿಯದು, ಕೆಲವೊಮ್ಮೆ ಸುಬೇದಾರ ಜಮಾದಾರರದು. ಸಿಪಾಯಿಯ ಪಾಲಿಗೆ ಸಂಖ್ಯೆ. ನವ್ ಶಾಪೆಲ್ ಎಂಬಲ್ಲಿ ಹರ್ಬರ್ಟ್ ಬೇಕರ್ ನಿರ್ಮಿಸಿದ, 1927ರ ಅಕ್ಟೋಬರ್ 7ರಂದು ಅನಾವರಣಗೊಂಡ ಸ್ಮಾರಕದಲ್ಲಿ ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಆ ಸಮಾರಂಭಕ್ಕೆ ಬಂದಿದ್ದವರಲ್ಲಿ, ಆ ಸ್ಮಾರಕದಿಂದ ಹೆಚ್ಚು ದೂರವಿಲ್ಲದ ಲೂಸಿನಲ್ಲಿ ಮಗನನ್ನು ಕಳೆದುಕೊಂಡಿದ್ದ ಕಿಪ್ಲಿಂಗರೂ ಒಬ್ಬರು. 2016ರಲ್ಲಿ ರಿಷ್‌ಬೂರ್ ಗ್ರಾಮದ ಬಳಿ ಇಬ್ಬರು ಭಾರತೀಯ ಸೈನಿಕರ ಅವಶೇಷಗಳು ದೊರೆತುವು. ಹೆಗಲ ಬಿಲ್ಲೆಯಿಂದ ಅವರು 39ನೆಯ ಗರ್ವಾಲ್ ರೈಫಲ್ಸಿಗೆ ಸೇರಿದವರೆಂದು ತಿಳಿಯಿತು, ಹೆಸರು ತಿಳಿಯಲಿಲ್ಲ. 2017ರಲ್ಲಿ ಲಾವಂಟಿ ಸ್ಮಶಾನದಲ್ಲಿ ಅವರ ಅಂತ್ಯಸಂಸ್ಕಾರ ನಡೆಯಿತು. ನೊಬೆಲ್ ಪಡೆದ ತಂದೆಯಿದ್ದವನನ್ನು ಹುಡುಕಲು ಒಂದು ಅಕ್ಷರವನ್ನು ದಾಟಬೇಕಾಯಿತು. ಗರ್ವಾಲದ ಬೆಟ್ಟದಿಂದ ಹೋದವನನ್ನು ಹುಡುಕಲು ಅಕ್ಷರವೇ ಇಲ್ಲದ ಬಯಲನ್ನು ದಾಟಬೇಕಾಗಿದೆ.

ಮೆಸೊಪೊಟೇಮಿಯದಲ್ಲಿಯೂ ಪೂರ್ವ ಆಫ್ರಿಕದಲ್ಲಿಯೂ ಸ್ಥಿತಿ ಇನ್ನೂ ಶೋಚನೀಯ. ಬಸ್ರಾ ಸ್ಮಾರಕವು 40,000ಕ್ಕೂ ಹೆಚ್ಚು ಮಂದಿಯ ನೆನಪಿಗಾಗಿ ನಿಂತಿದ್ದರೂ, ಅವರಲ್ಲಿ ಬಹುಪಾಲಿನವರಾದ ಭಾರತೀಯ ಸಿಪಾಯಿಗಳ ಹೆಸರುಗಳನ್ನು ಅದರ ಕಲ್ಲಿನ ಮೇಲೆ ಕೆತ್ತಲಿಲ್ಲ. ಮುಖ್ಯವಾಗಿ ಪೂರ್ವ ಆಫ್ರಿಕದ ಹಾಗೂ ಈಜಿಪ್ಟಿನವರಾದ ಮೃತರಲ್ಲಿ ಕನಿಷ್ಠ 1,16,000 ಮಂದಿಗೆ ಹೆಸರಿನ ಸ್ಮರಣೆ, ಬಹುಶಃ ಯಾವ ಸ್ಮರಣೆಯೂ, ಸಲ್ಲಲಿಲ್ಲವೆಂದು ಆಯೋಗವು ನೇಮಿಸಿದ ಸಮಿತಿಯೇ 2021ರ ಏಪ್ರಿಲಿನಲ್ಲಿ ಒಪ್ಪಿಕೊಂಡಿತು. ತುರುಗಳನ್ನು ಉಳಿಸಲು ಹೋಗಿ ಸತ್ತ ಹಳ್ಳಿಗನಿಗೂ ವೀರಗಲ್ಲನ್ನು ನಿಲ್ಲಿಸಿ, ಅವನು ಯಾರ ಮಗ, ಯಾವ ಊರಿನ ಹೋರಾಟದಲ್ಲಿ ಬಿದ್ದನೆಂಬುದನ್ನು ಬರೆಯಿಸಿದ ನಾಡಿನವರಾದ ನಮಗೆ ಈ ಲೋಪದ ತೀವ್ರತೆ ಬೇಗನೆ ಅರಿವಾಗಬೇಕು. ಬೆಂಗಳೂರನ್ನು ನೆಲೆಯಾಗಿ ಹೊಂದಿದ್ದ, ಇಂದು ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂದು ಕರೆಯಲ್ಪಡುವ ಸ್ಯಾಪರ್ ಪಡೆಯ ಕಂಪೆನಿಗಳು ಮೆಸೊಪೊಟೇಮಿಯದಲ್ಲಿ ಸೇತುವೆ ಕಟ್ಟಿದುವು, ಕಂದಕ ತೋಡಿದುವು. ಮೈಸೂರು ಲ್ಯಾನ್ಸರ್ಸ್ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ದೇಶೀ ಸಂಸ್ಥಾನಗಳ ಪಡೆಗಳಲ್ಲಿ ಒಂದು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅದರ ಸ್ಮಾರಕವಿದೆ. ಇವರ ಚಲನೆಯನ್ನು ದಿನದಿನವೂ ತಿಳಿಸುವ ಬ್ರಿಗೇಡು, ಡಿವಿಷನ್ನುಗಳ ದಿನಚರಿಗಳನ್ನು ಓದಬಹುದು, ನಕಾಶೆಗಳನ್ನು ನೋಡಬಹುದು. ಇಲ್ಲದಿರುವುದು ಸಿಪಾಯಿಯ ಹೆಸರಿನಿಂದ ಪಡೆಯ ಕಡೆಗೆ ಹೋಗುವ ಮೊದಲ ಮೆಟ್ಟಿಲು. ಅದು ಪತ್ರಾಗಾರದಲ್ಲಿ ಸಿಗದಿದ್ದರೆ ಮನೆಗಳಲ್ಲಿ ಸಿಗಬೇಕು.

ಆದ್ದರಿಂದ ವಾಚಕರಲ್ಲಿ ಒಂದು ಬಿನ್ನಹ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ, ದೇವರ ಮನೆಯ ಗೂಡಿನಲ್ಲಿ, ಆ ಯುದ್ಧದ ಪದಕವೊಂದು ಇದ್ದರೆ ಅದರ ಮುಖದ ಮೇಲಿನ ರಾಜನ ಚಿತ್ರವನ್ನು ಬಿಟ್ಟು ಅಂಚನ್ನು ನೋಡಿರಿ. ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಪಡೆ ಇವನ್ನು ಅಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚೊತ್ತಿರುತ್ತಾರೆ. ಮಡಿದವರ ಮನೆಗೆ ಕಳುಹಿಸಿದ ದುಂಡನೆಯ ಕಂಚಿನ ಫಲಕವಿದ್ದರೆ ಅದರಲ್ಲಿಯೂ ಹೆಸರಿರುತ್ತದೆ. ಪಿಂಚಣಿಯ ಚೀಟಿ, ಬಿಡುಗಡೆಯ ಪತ್ರ, ಊರಿನ ಹೆಸರಿರುವ ಹಳೆಯ ಲಕೋಟೆ, ಇವು ಯಾವುವನ್ನೂ ಎಸೆಯಬೇಡಿರಿ. ಮನೆಯ ಹಿರಿಯರು ಇನ್ನೂ ಇದ್ದರೆ ಅವನು ಯಾವ ಊರಿನಿಂದ, ಯಾವ ವರ್ಷ ಹೊರಟನೆಂದು ಕೇಳಿ, ಅಂಚಿನ ಅಕ್ಷರಗಳ ಜೊತೆಗೆ ಒಂದು ಕಾಗದದಲ್ಲಿ ಬರೆದಿಡಿರಿ. ಬೆಳ್ಳಿಯ ಪದಕವನ್ನು ತೂಕಕ್ಕೆ ಹಾಕಿದರೆ ಬರುವ ಹಣ ಅಲ್ಪ. ಕರಗಿದ ಅಂಚನ್ನು ಮತ್ತೆ ಓದಲು ಯಾರಿಂದಲೂ ಆಗದು.